ಮೂರು ಸಲ ಸೋತವರು ನಾಲ್ಕನೆಯ ಸಲ ಗೆದ್ದದ್ದು: ಯೇಲ್ ಐಸ್ ಹಾಕಿ ತಂಡದ 2012–13ರ ಋತು

2013ರ ಮಾರ್ಚ್ 24, ಭಾನುವಾರ. ಅಮೆರಿಕದ ಡೆಟ್ರಾಯಿಟ್ ನಗರದ ಜೋ ಲೂಯಿಸ್ ಅರೀನಾದಲ್ಲಿ ಮಿಷಿಗನ್ ಮತ್ತು ನಾಟರ್ ಡೇಮ್ ವಿಶ್ವವಿದ್ಯಾಲಯಗಳ ಐಸ್ ಹಾಕಿ ತಂಡಗಳು ತಮ್ಮ ಲೀಗಿನ ಫೈನಲ್ ಆಡುತ್ತಿದ್ದವು. ಆ ಲೀಗಿಗೆ ಸೇರಿರದ, ಆ ಊರಿನಲ್ಲೇ ಇರದ ಮೂರನೆಯ ತಂಡವೊಂದರ ಹಣೆಬರಹವೂ ಅವತ್ತು ಅದೇ ಮಂಜುಗಡ್ಡೆಯ ಮೇಲೆ ತೀರ್ಮಾನವಾಗಬೇಕಿತ್ತು. ಆ ತಂಡ ಯೇಲ್. ಹಿಂದಿನ ಎರಡು ದಿನಗಳಲ್ಲಿ ಯೇಲ್ ಎರಡು ಪಂದ್ಯ ಆಡಿ ಎರಡನ್ನೂ ಸೋತಿತ್ತು, ಒಂದು 0–5ರಿಂದ, ಇನ್ನೊಂದು 0–3ರಿಂದ. ಎರಡೂ ಪಂದ್ಯ ಸೇರಿ ಒಂದೇ ಒಂದು ಗೋಲೂ ಬಂದಿರಲಿಲ್ಲ. ಡೆಟ್ರಾಯಿಟ್‌ನಲ್ಲಿ ಮಿಷಿಗನ್ ಗೆದ್ದಿದ್ದರೆ ಯೇಲ್ ಹುಡುಗರ ಋತು ಅಲ್ಲಿಗೇ ಮುಗಿಯುತ್ತಿತ್ತು.

ನಾಟರ್ ಡೇಮ್ 3–1ರಿಂದ ಗೆದ್ದಿತು. 16 ತಂಡಗಳ ರಾಷ್ಟ್ರೀಯ ಟೂರ್ನಿಯ ಕೊನೆಯ ಜಾಗ ಯೇಲ್‌ಗೆ ಸಿಕ್ಕಿತು. ಸರಿಯಾಗಿ 20 ದಿನ ಕಳೆದ ಮೇಲೆ, ಏಪ್ರಿಲ್ 13ರ ರಾತ್ರಿ, ಪಿಟ್ಸ್‌ಬರ್ಗ್‌ನಲ್ಲಿ ಅದೇ ತಂಡ ರಾಷ್ಟ್ರೀಯ ಚಾಂಪಿಯನ್ ಆಗಿತ್ತು.

ಈ ಕಥೆಯನ್ನು ಪವಾಡವೆಂದು ಹೇಳುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದ ಕಾಲೇಜು ಹಾಕಿಯ ಒಂದು ಋತು ಹೇಗೆ ನಡೆಯುತ್ತದೆ, ಯಾವ ಪಂದ್ಯಕ್ಕೆ ಎಷ್ಟು ತೂಕ, ಯಾವ ಸೋಲು ಎಷ್ಟು ನೋಯಿಸುತ್ತದೆ ಎಂದು ತಿಳಿದುಕೊಂಡರೆ ಇದು ಪವಾಡಕ್ಕಿಂತ ಹೆಚ್ಚು ಸ್ವಾರಸ್ಯದ ಸಂಗತಿಯಾಗಿ ಕಾಣುತ್ತದೆ. ಅದರಲ್ಲೂ ಒಂದು ಎಳೆ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿದೆ: ಯೇಲ್ ಈ ಟೂರ್ನಿಗೆ ಬರಲು ನೆರವಾದವರಲ್ಲಿ, ಅದನ್ನು ಆ ವರ್ಷ ಮೂರು ಸಲ ಸೋಲಿಸಿದ ಪಕ್ಕದೂರಿನ ತಂಡವೂ ಇತ್ತು.

ಆಟದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು

ನಮಗೆ ಹಾಕಿ ಎಂದರೆ ಹುಲ್ಲು ಅಥವಾ ಟರ್ಫ್ ಮೇಲಿನ ಆಟ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಪಕ್ ಇರುತ್ತದೆ. ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲದ ಗಟ್ಟಿ ರಬ್ಬರ್ ಬಿಲ್ಲೆ ಅದು. ಗೋಲಿಯೂ (ಗೋಲ್‌ಕೀಪರ್) ಸೇರಿ ಒಂದು ಕಡೆ ಆರು ಜನ. 20 ನಿಮಿಷಗಳ ಮೂರು ಅವಧಿ. ಸ್ಕೇಟ್ ಮೇಲೆ ಪೂರ್ತಿ ವೇಗದಲ್ಲಿ ಓಡುವುದರಿಂದ ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಮಂಜಿನ ಮೇಲೆ ನಿಲ್ಲುವುದು ಕಷ್ಟ. ಆಟ ನಡೆಯುತ್ತಿರುವಾಗಲೇ ಒಂದು ಗುಂಪು ಬೇಲಿ ಹಾರಿ ಹೊರಗೆ ಬಂದು ಇನ್ನೊಂದು ಗುಂಪು ಒಳಗಿಳಿಯುತ್ತದೆ. ಹೀಗಾಗಿ ಒಂದಿಬ್ಬರು ತಾರೆಗಳು ಇಡೀ ಪಂದ್ಯವನ್ನು ಹೊತ್ತು ಸಾಗಿಸಲಾರರು. ನಾಲ್ಕನೆಯ ಸಾಲಿನ ಹುಡುಗನೂ ಪ್ರತಿ ರಾತ್ರಿ ಲೆಕ್ಕಕ್ಕೆ ಬರುತ್ತಾನೆ.

ಪೂರ್ತಿ 60 ನಿಮಿಷ ಮಂಜಿನ ಮೇಲೆ ಇರುವವನು ಸಾಮಾನ್ಯವಾಗಿ ಗೋಲಿ ಒಬ್ಬನೇ. ಒಂದು ಪಂದ್ಯದಲ್ಲಿ ಅವನ ಕಡೆಗೆ ಮೂವತ್ತು ಹೊಡೆತ ಬಂದರೆ ಗೋಲಾಗುವುದು ಎರಡೋ ಮೂರೋ. ಇಷ್ಟು ಕಡಿಮೆ ಗೋಲುಗಳ ಆಟದಲ್ಲಿ ಬಲವಾದ ತಂಡ ಹತ್ತು ಪಂದ್ಯಗಳಲ್ಲಿ ಹೆಚ್ಚಿನವನ್ನು ಗೆಲ್ಲಬಹುದು. ಆದರೆ ಒಂದೇ ರಾತ್ರಿಯ ಮಾತು ಬಂದಾಗ ಗ್ಯಾರಂಟಿ ಯಾರಿಗೂ ಇಲ್ಲ.

ಯೇಲ್ ಯಾವ ಬಗೆಯ ತಂಡ

ಯೇಲ್ ಎಂಬ ಹೆಸರಿಗೆ ನಮ್ಮ ದಕ್ಷಿಣ ಭಾರತದ ನಂಟಿದೆ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಎಲಿಹು ಯೇಲ್ ಅಲ್ಲಿ ಗಳಿಸಿದ ಸಂಪತ್ತಿನಿಂದ 1718ರಲ್ಲಿ ಪುಸ್ತಕ, ಬಟ್ಟೆ ಮುಂತಾದ ಸರಕುಗಳನ್ನು ಕನೆಕ್ಟಿಕಟ್‌ನ ಒಂದು ಸಣ್ಣ ಕಾಲೇಜಿಗೆ ಕಳಿಸಿದ. ಕಾಲೇಜು ಅವನ ಹೆಸರನ್ನೇ ಇಟ್ಟುಕೊಂಡಿತು. ಅಲ್ಲಿ ಐಸ್ ಹಾಕಿ 1896ರಷ್ಟು ಹಳೆಯದು. ತಂಡದ ರಿಂಕನ್ನು ವಿನ್ಯಾಸ ಮಾಡಿದವರು ಹೆಸರಾಂತ ವಾಸ್ತುಶಿಲ್ಪಿ ಈರೋ ಸಾರಿನೆನ್. 1958ರಲ್ಲಿ ಮುಗಿದ ಆ ಕಟ್ಟಡದ ಬಾಗಿದ ಬೆನ್ನನ್ನು ನೋಡಿ ಜನ ಅದನ್ನು 'ತಿಮಿಂಗಿಲ' ಎಂದೇ ಕರೆಯುತ್ತಾರೆ. ಇಷ್ಟೆಲ್ಲ ಇದ್ದರೂ 2013ರವರೆಗೆ ಯೇಲ್ ಒಮ್ಮೆಯೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿರಲಿಲ್ಲ. ಕೊನೆಯ ನಾಲ್ಕರ ಘಟ್ಟ ತಲುಪಿದ್ದು ಅದಕ್ಕೂ ಮುಂಚೆ 1952ರಲ್ಲಿ ಮಾತ್ರ.

ಅದಕ್ಕೊಂದು ಕಾರಣವಿದೆ. ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ಐವಿ ಲೀಗ್ ವಿಶ್ವವಿದ್ಯಾಲಯಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಮಿನೆಸೋಟ, ನಾರ್ತ್ ಡಕೋಟದಂಥ ದೊಡ್ಡ ಹಾಕಿ ವಿಶ್ವವಿದ್ಯಾಲಯಗಳು ಒಳ್ಳೆಯ ಆಟಗಾರನಿಗೆ ಫೀಸು, ಹಾಸ್ಟೆಲ್, ಊಟ ಎಲ್ಲವನ್ನೂ ಭರಿಸಿ ಕರೆದುಕೊಳ್ಳಬಲ್ಲವು. ಐವಿ ತಂಡದ ಕೋಚ್ ಪ್ರವೇಶದ ಕಠಿಣ ಅಂಕಗಳನ್ನು ದಾಟಬಲ್ಲ, ಹಾಕಿಯನ್ನೂ ಚೆನ್ನಾಗಿ ಆಡಬಲ್ಲ ಹುಡುಗರನ್ನು ಹುಡುಕಬೇಕು. ಮೇಲಾಗಿ ಐವಿ ತಂಡಗಳು ಬೇರೆಯವರಿಗಿಂತ ತಡವಾಗಿ, ಅಕ್ಟೋಬರ್ ಕೊನೆಗೆ ಋತು ಆರಂಭಿಸುತ್ತವೆ. ಉಳಿದವರು 34ರವರೆಗೆ ಪಂದ್ಯ ಆಡುವಾಗ ಇವರಿಗೆ 29 ಮಾತ್ರ.

ಅಂದಿನ ಕೋಚ್ ಕೀತ್ ಅಲೇನ್ ತಾವೇ ಯೇಲ್‌ನಲ್ಲಿ ಓದಿ ಅದೇ ತಂಡದ ಗೋಲಿಯಾಗಿದ್ದವರು. 2006ರಲ್ಲಿ ತಂಡದ ಹೊಣೆ ಹೊತ್ತರು. ಅವರ ಕೈಯಲ್ಲಿ ತಂಡ ಮೇಲೇರುತ್ತ ಬಂದಿತ್ತಾದರೂ 2012ರ ಶರತ್ಕಾಲದಲ್ಲಿ ಇದು ಚಾಂಪಿಯನ್ ಆಗುವ ತಂಡವೆಂದು ಯಾರೂ ಪಂದ್ಯ ಕಟ್ಟುತ್ತಿರಲಿಲ್ಲ.

ಒಂದು ಋತು, ಮೂರು ಲೆಕ್ಕ

ಹೊರಗಿನವರಿಗೆ ಗೊಂದಲ ಹುಟ್ಟಿಸುವುದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಲೀಗಿನ ಲೆಕ್ಕ. ಆ ವರ್ಷ ಅಗ್ರ ದರ್ಜೆಯಲ್ಲಿ 59 ಕಾಲೇಜು ತಂಡಗಳಿದ್ದವು, ಎರಡನ್ನು ಬಿಟ್ಟು ಉಳಿದವು ಐದು ಲೀಗುಗಳಾಗಿ ಹಂಚಿಹೋಗಿದ್ದವು. ಯೇಲ್ ಇದ್ದದ್ದು ಇಸಿಎಸಿ ಲೀಗಿನಲ್ಲಿ. ಅಲ್ಲಿ 12 ತಂಡ, ಅದರಲ್ಲಿ ಆರು ಐವಿ ತಂಡಗಳು. ಪ್ರತಿಯೊಂದು ತಂಡ ಉಳಿದ 11ರ ಜತೆ ಮನೆಯಂಗಳದಲ್ಲಿ ಒಮ್ಮೆ, ಎದುರಾಳಿಯ ಊರಲ್ಲಿ ಒಮ್ಮೆ ಆಡುತ್ತದೆ, ಒಟ್ಟು 22 ಪಂದ್ಯ. ವಿದ್ಯಾರ್ಥಿಗಳಾದ್ದರಿಂದ ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ಇದಕ್ಕಾಗಿ ಹತ್ತಿರದ ತಂಡಗಳನ್ನು ಜೋಡಿ ಮಾಡಿದ್ದಾರೆ: ಯೇಲ್‌ಗೆ ಬ್ರೌನ್ ಜೋಡಿ. ನ್ಯೂಯಾರ್ಕ್ ರಾಜ್ಯದ ಉತ್ತರದ ಎರಡು ಕಾಲೇಜುಗಳು ಈ ಕಡೆ ಬಂದರೆ ಒಂದು ರಾತ್ರಿ ಯೇಲ್ ಜತೆ, ಮರುರಾತ್ರಿ ಬ್ರೌನ್ ಜತೆ. ಒಂದೇ ಬಸ್ ಪ್ರಯಾಣದಲ್ಲಿ ಎರಡು ಪಂದ್ಯ. ಆಗ ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಯೇಲ್ 12 ಗೆದ್ದು, 9 ಸೋತು, ಒಂದನ್ನು ಸಮ ಮಾಡಿಕೊಂಡು ಮೂರನೆಯ ಸ್ಥಾನದಲ್ಲಿ ನಿಂತಿತು. ಕೆಟ್ಟದ್ದಲ್ಲ, ಹೆದರಿಸುವಂಥದ್ದೂ ಅಲ್ಲ.

ಲೀಗಿನಲ್ಲಿ ಎಲ್ಲರನ್ನೂ ಹೆದರಿಸಿದ್ದು ಕ್ವಿನಿಪಿಯಾಕ್. ಯೇಲ್ ಇರುವ ನ್ಯೂ ಹೇವನ್‌ನಿಂದ ಎಂಟು ಮೈಲಿ ದೂರದ ಹ್ಯಾಮ್ಡೆನ್ ಎಂಬ ಊರಿನ ವಿಶ್ವವಿದ್ಯಾಲಯ. ಯೇಲ್‌ನ ಇತಿಹಾಸದ ಮುಂದೆ ಅದು ನಿನ್ನೆ ಮೊನ್ನೆಯ ಕೂಸು. ಹಾಕಿಯಲ್ಲಿ ಅಗ್ರ ದರ್ಜೆಗೆ ಬಂದದ್ದೇ 1998ರಲ್ಲಿ. ಕೋಚ್ ರ್ಯಾಂಡ್ ಪೆಕ್‌ನೋಲ್ಡ್ 1994ರಿಂದ ಅಲ್ಲೇ ಇದ್ದು ಆ ತಂಡವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವರು. ಆ ವರ್ಷ ಅವರ ಹುಡುಗರು ಸತತ 21 ಪಂದ್ಯ ಸೋಲದೆ ಸಾಗಿ ದೇಶದ ಮೊದಲ ಕ್ರಮಾಂಕಕ್ಕೇರಿದ್ದರು. ಯೇಲ್ ಜತೆಗಿನ ಎರಡೂ ಲೀಗ್ ಪಂದ್ಯಗಳನ್ನು 6–2, 4–1ರಿಂದ ಗೆದ್ದಿದ್ದರು.

ಎರಡನೆಯದು ಲೀಗಿನ ಪ್ಲೇಆಫ್. ಮೊದಲ ನಾಲ್ಕು ತಂಡಗಳು ನೇರ ಕ್ವಾರ್ಟರ್‌ಫೈನಲ್ ಆಡುತ್ತವೆ, ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ. ಯೇಲ್ ಸೇಂಟ್ ಲಾರೆನ್ಸ್ ತಂಡವನ್ನು 2–0 ಪಂದ್ಯಗಳಿಂದ ದಾಟಿ ಅಟ್ಲಾಂಟಿಕ್ ಸಿಟಿಯ ಸೆಮಿಫೈನಲ್‌ಗೆ ಹೋಯಿತು. ಅಲ್ಲಿ ಯೂನಿಯನ್ ಕಾಲೇಜು 5–0ರಿಂದ ಬಡಿಯಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಎದುರು ನಿಂತದ್ದು ಮತ್ತೆ ಕ್ವಿನಿಪಿಯಾಕ್, ಅದೂ ತನ್ನ ಸೆಮಿಫೈನಲ್ ಸೋತು ಬಂದಿತ್ತು. ಅದು 3–0ರಿಂದ ಗೆದ್ದಿತು. ಮೂರು ಭೇಟಿ, ಮೂರು ಸೋಲು. ಗೋಲುಗಳ ಮೊತ್ತ 3–13.

ಹಾಗಾದರೆ ಯೇಲ್ ರಾಷ್ಟ್ರೀಯ ಟೂರ್ನಿಗೆ ಹೋದದ್ದು ಹೇಗೆ? ಮೂರನೆಯ ಲೆಕ್ಕ ಶುರುವಾಗುವುದು ಇಲ್ಲಿಂದ. 16 ಜಾಗಗಳಲ್ಲಿ ಐದು ಆ ಐದು ಲೀಗುಗಳ ಪ್ಲೇಆಫ್ ವಿಜೇತರಿಗೆ ಮೀಸಲು. ಉಳಿದ 11 ಜಾಗಗಳನ್ನು ಆಗ ಒಂದು ಸೂತ್ರ ತುಂಬುತ್ತಿತ್ತು. ಯಾವ ತಜ್ಞರ ಅಭಿಪ್ರಾಯವೂ ಇಲ್ಲ, ಯಾರ ಶಿಫಾರಸೂ ನಡೆಯುವುದಿಲ್ಲ. ಆ ಸೂತ್ರದ ಹೆಸರು ಪೇರ್‌ವೈಸ್. ಪ್ರತಿ ತಂಡವನ್ನೂ ಉಳಿದ ಪ್ರತಿ ತಂಡದ ಜತೆ ಒಂದೊಂದಾಗಿ ತೂಗಿ ನೋಡುವುದು. ನೇರ ಭೇಟಿಯಲ್ಲಿ ಗೆದ್ದವರು ಯಾರು, ಇಬ್ಬರೂ ಆಡಿದ ಸಮಾನ ಎದುರಾಳಿಗಳ ಮೇಲೆ ಯಾರ ಸಾಧನೆ ಮೇಲು, ಮತ್ತೆ ಆರ್‌ಪಿಐ ಎಂಬ ಸೂಚ್ಯಂಕದಲ್ಲಿ ಯಾರು ಮುಂದು. ಬಲವಾದ ತಂಡಗಳ ಎದುರಿನ ಸಾಧನೆ ಎಂಬ ನಾಲ್ಕನೆಯ ಅಳತೆಯೂ ಆ ವರ್ಷ ಇತ್ತು, ಮರುವರ್ಷ ಅದನ್ನು ಕೈಬಿಟ್ಟರು. ಹೀಗೆ ತೂಗಿದಾಗ ಯಾರು ಹೆಚ್ಚು ಜೋಡಿಗಳಲ್ಲಿ ಮೇಲುಗೈ ಪಡೆಯುತ್ತಾರೋ ಅವರು ಪಟ್ಟಿಯಲ್ಲಿ ಮೇಲೆ.

ಸೂತ್ರದ ಜೀವ ಇರುವುದು ಆ ಆರ್‌ಪಿಐನಲ್ಲಿ. ತಂಡ ತಾನು ಗೆದ್ದ ಪಂದ್ಯಗಳ ಪ್ರಮಾಣಕ್ಕೆ ಅದರಲ್ಲಿ ಶೇ 25ರಷ್ಟೇ ತೂಕ. ಅದರ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಶೇ 21. ಆ ಎದುರಾಳಿಗಳ ಎದುರಾಳಿಗಳು ಎಷ್ಟು ಗೆದ್ದರು ಎಂಬುದಕ್ಕೆ ಶೇ 54. ಮೊದಲ ಸಲ ಓದಿದಾಗ ನನಗೆ ಇದು ಅಚ್ಚಿನ ತಪ್ಪು ಎನ್ನಿಸಿತ್ತು. ತನ್ನ ಸ್ವಂತ ದುಡಿಮೆಗೆ ಕಾಲು ಭಾಗ, ನೆರೆಹೊರೆಯವರ ಪಾಲು ಮುಕ್ಕಾಲು! ಯೋಚಿಸಿದರೆ ಅದರ ಹಿಂದೆ ಒಂದು ನ್ಯಾಯ ಇದೆ. 59 ತಂಡಗಳೂ ಒಬ್ಬರನ್ನೊಬ್ಬರು ಎದುರಿಸುವುದಿಲ್ಲ. ದುರ್ಬಲರ ನಡುವೆ 20 ಗೆದ್ದವನನ್ನೂ ಬಲಿಷ್ಠರ ನಡುವೆ 16 ಗೆದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ 'ನೀನು ಯಾರ ಜತೆ ಆಡಿದೆ' ಎಂಬುದನ್ನು ಕೇಳಲೇಬೇಕು.

ಇದರಿಂದ ಹುಟ್ಟುವ ಪರಿಣಾಮ ಎಂಥದ್ದು ನೋಡಿ. ಕ್ವಿನಿಪಿಯಾಕ್ ಬೇರೆಯವರನ್ನು ಸೋಲಿಸಿದಾಗಲೆಲ್ಲ ಯೇಲ್‌ನ ಸೂಚ್ಯಂಕದಲ್ಲಿ 'ಎದುರಾಳಿಗಳ ಬಲ' ಒಂದಿಷ್ಟು ಹೆಚ್ಚುತ್ತಿತ್ತು. ಆ ಮೂರು ಸೋಲುಗಳು ಯೇಲ್‌ಗೆ ನಷ್ಟ ತಂದದ್ದು ನಿಜ. ಆದರೆ ದೇಶದ ಮೊದಲ ಕ್ರಮಾಂಕದ ತಂಡದ ಕೈಯಲ್ಲಿ ಸೋಲುವುದಕ್ಕೂ ಕೊನೆಯ ಕ್ರಮಾಂಕದ ತಂಡದ ಕೈಯಲ್ಲಿ ಸೋಲುವುದಕ್ಕೂ ಈ ಲೆಕ್ಕದಲ್ಲಿ ಅಜಗಜಾಂತರ. ಪಕ್ಕದೂರಿನವರು ಚಳಿಗಾಲವಿಡೀ ಗೆಲ್ಲುತ್ತ ಹೋದದ್ದರಿಂದ ಯೇಲ್ ಕೂಡ ಪಟ್ಟಿಯ ಅಂಚಿನಲ್ಲಿ ಉಳಿದುಕೊಂಡಿತು.

ಅಂಚು ಅಂದರೆ ಅಂಚೇ. ಮಿಷಿಗನ್ ತಂಡಕ್ಕೆ ಸೂತ್ರದ ಮೂಲಕ ಬರುವ ದಾರಿ ಮುಚ್ಚಿತ್ತು, ತನ್ನ ಲೀಗಿನ ಪ್ಲೇಆಫ್ ಗೆಲ್ಲುವುದೊಂದೇ ಉಳಿದ ದಾರಿ. ಅದು ಗೆದ್ದಿದ್ದರೆ ಮೀಸಲು ಜಾಗ ಅದಕ್ಕೆ ಹೋಗಿ, ನಾಟರ್ ಡೇಮ್ ಸೂತ್ರದ ಪಾಲಿಗೆ ಸರಿದು, ಪಟ್ಟಿಯ ಕೊನೆಯಲ್ಲಿದ್ದ ಯೇಲ್ ಕೆಳಗೆ ಬೀಳುತ್ತಿತ್ತು. ಡೆಟ್ರಾಯಿಟ್‌ನ ಆ ಭಾನುವಾರಕ್ಕೆ ಅಷ್ಟೊಂದು ಬೆಲೆ ಬಂದದ್ದು ಹೀಗೆ. ಸತತ 22 ವರ್ಷ ರಾಷ್ಟ್ರೀಯ ಟೂರ್ನಿ ಆಡಿದ್ದ ಮಿಷಿಗನ್‌ನ ಸರಪಳಿಯೂ ಅಂದೇ ಕಡಿಯಿತು. ಅಲ್ಲಿನ ಹುಡುಗರ ಪಾಲಿಗೆ ಅದು ಎಷ್ಟು ಭಾರದ ಸಂಜೆಯಾಗಿದ್ದಿರಬೇಕು ಎಂಬುದನ್ನೂ ನಾನು ಮರೆಯಲಾರೆ.

ನಾಲ್ಕು ರಾತ್ರಿಗಳು

ರಾಷ್ಟ್ರೀಯ ಟೂರ್ನಿಯಲ್ಲಿ ಸರಣಿ ಇಲ್ಲ, ಒಂದು ಸೋತರೆ ಮನೆಗೆ. ಸಮವಾದರೆ ಮೊದಲ ಗೋಲು ಬೀಳುವವರೆಗೆ ಓವರ್‌ಟೈಮ್. 16 ತಂಡಗಳನ್ನು ನಾಲ್ಕು ಊರುಗಳಿಗೆ ಹಂಚುತ್ತಾರೆ. ಮೇಲಿನ ಕ್ರಮಾಂಕದವರಿಗೆ ಕೆಳಗಿನವರು ಎದುರಾಳಿ. 15ನೆಯದಾಗಿ ಬಂದ ಯೇಲ್‌ಗೆ ಸಿಕ್ಕಿದ್ದು ಎರಡನೆಯ ಕ್ರಮಾಂಕದ ಮಿನೆಸೋಟ, ಅದುವರೆಗೆ ಐದು ಸಲ ಚಾಂಪಿಯನ್. ಪಂದ್ಯ ನಡೆಯಬೇಕಿದ್ದ ಊರು ಗ್ರ್ಯಾಂಡ್ ರ್ಯಾಪಿಡ್ಸ್. ಅದಿರುವುದು ಮಿಷಿಗನ್ ರಾಜ್ಯದಲ್ಲೇ.

ಮಾರ್ಚ್ 29. ಯೇಲ್ 2–0 ಮುಂದಿತ್ತು, ಮಿನೆಸೋಟ ಎರಡೂ ಗೋಲು ತೀರಿಸಿ ಸಮ ಮಾಡಿತು. ಇಂಥ ಹೊತ್ತಿನಲ್ಲಿ ಬೆನ್ನಟ್ಟಿ ಬಂದವರ ಕಡೆಗೇ ಗಾಳಿ ಬೀಸುತ್ತದೆ ಎಂದು ಆಟ ಬಲ್ಲವರು ಹೇಳುತ್ತಾರೆ. ಓವರ್‌ಟೈಮ್ ಶುರುವಾದ ಒಂಬತ್ತನೆಯ ಸೆಕೆಂಡಿಗೆ ಜೆಸ್ಸಿ ರೂಟ್ ಹೊಡೆದ ಪಕ್ ಬಲೆಯೊಳಗಿತ್ತು. ಮರುದಿನ ನಾರ್ತ್ ಡಕೋಟ, ಏಳು ಸಲದ ಚಾಂಪಿಯನ್. ಎರಡು ಅವಧಿ ಮುಗಿದಾಗ ಯೇಲ್ 0–1ರಿಂದ ಹಿಂದಿತ್ತು. ಕೊನೆಯ ಅವಧಿಯೊಂದರಲ್ಲೇ ನಾಲ್ಕು ಗೋಲು ಬಂದು 4–1 ಆಯಿತು. ವಾರದ ಹಿಂದೆ ಎರಡು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಾಗದ ತಂಡ ಇದೇ.

ಕೊನೆಯ ನಾಲ್ಕರ ಘಟ್ಟಕ್ಕೆ ಕಾಲೇಜು ಹಾಕಿಯಲ್ಲಿ 'ಫ್ರೋಜನ್ ಫೋರ್' ಎಂದು ಹೆಸರು. ಆ ವರ್ಷ ಪಿಟ್ಸ್‌ಬರ್ಗ್‌ಗೆ ಬಂದ ಯೇಲ್, ಕ್ವಿನಿಪಿಯಾಕ್, ಮ್ಯಾಸಚೂಸೆಟ್ಸ್-ಲೋವೆಲ್, ಸೇಂಟ್ ಕ್ಲೌಡ್ ಸ್ಟೇಟ್ ಈ ನಾಲ್ಕರಲ್ಲಿ ಒಂದೂ ಮೊದಲು ಈ ಪ್ರಶಸ್ತಿ ಗೆದ್ದದ್ದಲ್ಲ.

ಏಪ್ರಿಲ್ 11ರ ಸೆಮಿಫೈನಲ್‌ನಲ್ಲಿ ಲೋವೆಲ್ ತಂಡದ ಬಲೆ ಕಾಯುತ್ತಿದ್ದವನು ಕಾನರ್ ಹೆಲೆಬಕ್. ಮುಂದೆ ವಿನ್ನಿಪೆಗ್ ಜೆಟ್ಸ್ ಸೇರಿ ವೃತ್ತಿಪರ ಹಾಕಿಯ ಶ್ರೇಷ್ಠ ಗೋಲಿಗೆ ಕೊಡುವ ವೆಜಿನಾ ಟ್ರೋಫಿಯನ್ನು ಮತ್ತೆ ಮತ್ತೆ ಗೆದ್ದ ಹುಡುಗ. ಯೇಲ್ 2–0 ಮುಂದೆ ಹೋಯಿತು, ಲೋವೆಲ್ 14 ಸೆಕೆಂಡುಗಳೊಳಗೆ ಎರಡು ಗೋಲು ಹೊಡೆದು ಸಮ ಮಾಡಿತು. ಆದರೆ ಅಂದಿನ ಆಟವನ್ನು ಗೋಲುಗಳಿಗಿಂತ ಹೊಡೆತಗಳ ಲೆಕ್ಕ ಚೆನ್ನಾಗಿ ಹೇಳುತ್ತದೆ: ಯೇಲ್ 47, ಲೋವೆಲ್ 18. ಅದೃಷ್ಟದಿಂದ ನುಸುಳಿ ಬಂದ ತಂಡವೊಂದು ಇನ್ನೊಂದು ತಂಡವನ್ನು ಹೀಗೆ ಅದರ ಬಲೆಯ ಮುಂದೆಯೇ ಕಟ್ಟಿಹಾಕುವುದಿಲ್ಲ. ಪವಾಡ ಎನ್ನುವವರಿಗೆ ನನ್ನ ಉತ್ತರ ಈ ಎರಡು ಅಂಕಿಗಳು. ಓವರ್‌ಟೈಮಿನ ಏಳನೆಯ ನಿಮಿಷದಲ್ಲಿ ನಾಯಕ ಆಂಡ್ರ್ಯೂ ಮಿಲ್ಲರ್ ಗೋಲು ಹೊಡೆದ.

ಇನ್ನೊಂದು ಸೆಮಿಫೈನಲ್‌ನಲ್ಲಿ ಕ್ವಿನಿಪಿಯಾಕ್ 4–1ರಿಂದ ಸೇಂಟ್ ಕ್ಲೌಡ್ ಸ್ಟೇಟ್ ತಂಡವನ್ನು ಸೋಲಿಸಿತು. ಎಂಟು ಮೈಲಿ ಅಂತರದ ಎರಡು ಕ್ಯಾಂಪಸ್‌ಗಳು ದೇಶದ ಕಿರೀಟಕ್ಕಾಗಿ ಇನ್ನೊಂದು ರಾಜ್ಯದ ದೊಡ್ಡ ಅರೀನಾದಲ್ಲಿ ಎದುರುಬದುರಾದವು.

ಫೈನಲ್‌ನ ಮೊದಲ 40 ನಿಮಿಷ ಹೆಚ್ಚುಕಡಿಮೆ ಗೋಲಿಲ್ಲದೆ ಮುಗಿಯಿತು ಎನ್ನಬೇಕು. ಕ್ವಿನಿಪಿಯಾಕ್ ಗೋಲಿ ಎರಿಕ್ ಹಾರ್ಟ್ಜೆಲ್ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿಯ ಅಂತಿಮ ಸುತ್ತಿನಲ್ಲಿದ್ದವನು. ಇತ್ತ ಯೇಲ್‌ನ ಜೆಫ್ ಮಾಲ್ಕಮ್ ಕೊನೆಯ ವರ್ಷದ ವಿದ್ಯಾರ್ಥಿ. ಎರಡನೆಯ ಅವಧಿ ಮುಗಿಯಲು ನಾಲ್ಕು ಸೆಕೆಂಡೂ ಇಲ್ಲದಾಗ ಗಸ್ ಯಂಗ್ ಬಲೆಯತ್ತ ತಳ್ಳಿದ ಪಕ್‌ಗೆ ಕ್ಲಿಂಟನ್ ಬೋರ್ಬೊನೇ ಸ್ಟಿಕ್ ತಾಗಿಸಿದ. ಅದು ದಿಕ್ಕು ಬದಲಿಸಿ ಒಳಗೆ ಹೋಯಿತು. ಅವಧಿಯ ಕೊನೆಯ ಗಳಿಗೆಯ ಗೋಲು ಒಂದು ಅಂಕಕ್ಕಿಂತ ಹೆಚ್ಚು ಭಾರ. ಬಿಟ್ಟುಕೊಟ್ಟವರಿಗೆ ತಕ್ಷಣ ತಿರುಗೇಟು ಕೊಡಲು ಸಮಯವಿಲ್ಲ, ಬಿಡುವಿನ ಅಷ್ಟೂ ಹೊತ್ತು ಅದನ್ನೇ ನೆನೆಯುತ್ತ ಡ್ರೆಸ್ಸಿಂಗ್ ರೂಮಿನಲ್ಲಿ ಕೂರಬೇಕು.

ಕೊನೆಯ ಅವಧಿಯಲ್ಲಿ ಚಾರ್ಲ್ಸ್ ಓರ್ಜೆಟ್ಟಿ ಎರಡನೆಯ ಗೋಲು ಹೊಡೆದ, ಒಬ್ಬನೇ ಮುನ್ನುಗ್ಗಿ ಹೋದ ಮಿಲ್ಲರ್ ಮೂರನೆಯದು. ಆಟ ಮುಗಿಯಲು ಇನ್ನೂ ನಿಮಿಷಗಳಿರುವಾಗಲೇ ಪೆಕ್‌ನೋಲ್ಡ್ ತಮ್ಮ ಗೋಲಿಯನ್ನು ಹೊರಗೆ ಕರೆದು ಅವನ ಬದಲು ಒಬ್ಬ ಹೆಚ್ಚುವರಿ ದಾಳಿಗಾರನನ್ನು ಇಳಿಸಿದರು. ಹಿಂದೆ ಬಿದ್ದ ತಂಡ ಹೂಡುವ ಕೊನೆಯ ಬಾಜಿ ಅದು, ಬಲೆ ಪೂರ್ತಿ ತೆರೆದಿರುತ್ತದೆ. ಆ ಖಾಲಿ ಬಲೆಗೆ ಪಕ್ ಕಳಿಸಿ 4–0 ಮಾಡಿದವನು ಜೆಸ್ಸಿ ರೂಟ್, ಪಿಟ್ಸ್‌ಬರ್ಗ್‌ನದೇ ಹುಡುಗ. ಮಾಲ್ಕಮ್ ತನ್ನತ್ತ ಬಂದ 36 ಹೊಡೆತಗಳಲ್ಲಿ 36ನ್ನೂ ತಡೆದಿದ್ದ.

ಋತುವಿನ ಒಟ್ಟು ಲೆಕ್ಕ: 37 ಪಂದ್ಯ, 22 ಗೆಲುವು, 12 ಸೋಲು, 3 ಸಮ. ಆ 12ರಲ್ಲಿ ಮೂರು ಕ್ವಿನಿಪಿಯಾಕ್ ಕೊಟ್ಟವು.

ಆಮೇಲೆ

ಮರುವರ್ಷ ಯೇಲ್ ರಾಷ್ಟ್ರೀಯ ಟೂರ್ನಿಗೆ ಬರಲಿಲ್ಲ. ಹಾಗೆಂದು ಆ ಗೆಲುವನ್ನು ಒಂಟಿ ಘಟನೆ ಎನ್ನಲಾಗದು. 2014ರಲ್ಲಿ ಚಾಂಪಿಯನ್ ಆದದ್ದು ಅದೇ ಇಸಿಎಸಿ ಲೀಗಿನ ಯೂನಿಯನ್ ಕಾಲೇಜು. ಅದು ಕೂಡ ಅಂದು ಆಟದ ವಿದ್ಯಾರ್ಥಿವೇತನ ಕೊಡದಿದ್ದ ಸಣ್ಣ ಸಂಸ್ಥೆ. ಫೈನಲ್‌ನಲ್ಲಿ ಅದು ಮಿನೆಸೋಟವನ್ನು 7–4ರಿಂದ ಸೋಲಿಸಿತು. ಟೂರ್ನಿಗೆ ತಂಡಗಳನ್ನು ಆರಿಸುವ ಸೂತ್ರವೂ ಬದಲಾಗುತ್ತ ಬಂದು ಈಗ ಪೇರ್‌ವೈಸ್ ಜಾಗಕ್ಕೆ ಎನ್‌ಪಿಐ ಎಂಬ ಹೊಸ ಸೂಚ್ಯಂಕ ಬಂದಿದೆ.

ಕ್ವಿನಿಪಿಯಾಕ್ 2016ರಲ್ಲಿ ಮತ್ತೊಮ್ಮೆ ಫೈನಲ್ ತಲುಪಿ ಮತ್ತೊಮ್ಮೆ ಸೋತಿತು. ಪೆಕ್‌ನೋಲ್ಡ್ ಊರು ಬಿಡಲಿಲ್ಲ, ತಂಡ ಬಿಡಲಿಲ್ಲ. 2023ರ ಏಪ್ರಿಲ್ 8ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ ಅವರ ಹುಡುಗರು ಮೂರನೆಯ ಫೈನಲ್ ಆಡಿದರು. ಆಟ 2–2ರಲ್ಲಿ ಸಮವಾಗಿ ಓವರ್‌ಟೈಮಿಗೆ ಹೋಯಿತು. ಎದುರಾಳಿ ಮಿನೆಸೋಟ. ಓವರ್‌ಟೈಮ್ ಶುರುವಾದ ಹತ್ತನೆಯ ಸೆಕೆಂಡಿಗೆ ಜೇಕಬ್ ಕ್ವಿಲನ್ ಗೋಲು ಹೊಡೆದ, ಹ್ಯಾಮ್ಡೆನ್‌ಗೂ ಒಂದು ಕಪ್ ಬಂತು.